ಜ್ವರ ಬಂದಾಗ ಮಾಡಿಸಿದ ಐರನ್ ರಿಪೋರ್ಟ್ ನಂಬಬಹುದಾ? ಫೆರಿಟಿನ್, ಟ್ರಾನ್ಸ್‌ಫೆರಿನ್ ಓದೋದು ಹೇಗೆ

ಜನವರಿ ಕೊನೇಲಿ ತೀರ್ಥಹಳ್ಳಿ ಹತ್ರ ಅತ್ತೆ ಮನೆಗೆ ಹೋಗಿದ್ದೆ, ಅಡಿಕೆ ಸುಲಿಯೋ ಕೆಲಸ ಇನ್ನೂ ಮುಗಿದಿರ್ಲಿಲ್ಲ. ಅತ್ತೆಗೆ ಒಂದು ವಾರ ಜ್ವರ ಬಂದು ಆಗಷ್ಟೇ ಬಿಡ್ತಾ ಇತ್ತು, ಮೆಟ್ಟುಗತ್ತಿ ಮುಂದೆ ಕೂತು ಹತ್ತು ನಿಮಿಷ ಸುಲಿದ್ರೆ ಎದೆ ಡವಡವ ಅಂತಿತ್ತು, ಜಗಲಿ ಮೆಟ್ಟಿಲು ಹತ್ತೋಕೂ ಕಂಬ ಹಿಡ್ಕೋತಿದ್ರು. ಕೈಗೆ ಒಂದು ರಿಪೋರ್ಟ್ ಕೊಟ್ಟು "ಎಂತ ಬರ್ದಿದಾರೆ ನೋಡು ಕೂಸೆ, ಐರನ್ ಸರಿ ಇದ್ಯಂತೆ, ಮತ್ತೆ ಎಂತಕ್ಕೆ ಇಷ್ಟು ಸುಸ್ತು" ಅಂದ್ರು. ಹಿಮೋಗ್ಲೋಬಿನ್ 9.2, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 71, ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು ಅಂದಾಜು ಮಾಡೋ ಟೆಸ್ಟ್) 58. ಫೆರಿಟಿನ್ ಪಕ್ಕ ನಾರ್ಮಲ್ ರೇಂಜ್ 10 ರಿಂದ 150 ಅಂತ ಪ್ರಿಂಟ್ ಆಗಿತ್ತು, 58 ಅದ್ರೊಳಗೇ ಬರುತ್ತಲ್ಲ, ಹಂಗಾಗಿ ನೋಡಿದ ಡಾಕ್ಟ್ರು ಕಬ್ಬಿಣದ ಕೊರತೆ ಇಲ್ಲ, ಇದು ಜ್ವರದ ಸುಸ್ತು, ಹದಿನೈದು ದಿನದಲ್ಲಿ ಸರಿ ಹೋಗುತ್ತೆ ಅಂತ ಕಳಿಸಿಬಿಟ್ಟಿದ್ರು.

ನಾನು ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್, ಹನ್ನೆರಡು ವರ್ಷ ಆಯ್ತು. ಆ 58 ನೋಡಿ ನಂಗೆ ಹೊಟ್ಟೆ ಉರೀತು. ಮಷಿನ್ ತಪ್ಪು ತೋರಿಸಿರ್ಲಿಲ್ಲ, ರಕ್ತ ತೆಗೆದ ದಿನ ಸರಿ ಇರ್ಲಿಲ್ಲ ಅಷ್ಟೆ. ಇಂಥ ರಿಪೋರ್ಟ್ ಹಿಡ್ಕೊಂಡು ಬರೋ ಹೆಂಗಸರನ್ನ ಪ್ರತಿ ವಾರ ನೋಡ್ತೀನಿ, ಅದಕ್ಕೇ ಇದನ್ನ ಉದ್ದಕ್ಕೆ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ, ಮನೇಲಿ ಯಾರಿಗಾದ್ರೂ ಐರನ್ ಟೆಸ್ಟ್ ಬರ್ಕೊಟ್ಟಿದ್ರೆ ಕೈಗೆ ಬರುತ್ತೆ.

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳಿ. ರಿಪೋರ್ಟಲ್ಲಿ ಬರೋ ನಂಬರ್ ಅಂದ್ರೆ ಮೈಯಲ್ಲಿ ಎಷ್ಟು ಕಬ್ಬಿಣ ಇದೆ ಅನ್ನೋ ಲೆಕ್ಕ ಅಲ್ಲ. ರಕ್ತಕ್ಕೆ ಕಬ್ಬಿಣ ಹಿಡಿಯೋ ಪ್ರೋಟೀನ್ ಎಷ್ಟು ಬಂದು ಬೀಳ್ತಿದೆ, ಅದನ್ನ ದೇಹ ಎಷ್ಟು ಬೇಗ ಎತ್ತಿ ತೆಗೀತಿದೆ, ಈ ಎರಡರ ನಡುವೆ ಆ ಗಳಿಗೇಲಿ ಉಳಿದಿರೋದು ಅದು. ತೋಟದ ಹೊಂಡದ ನೀರಿನ ಹಾಗೆ, ಮಟ್ಟ ಮೇಲೆ ಬಂದಿದ್ರೆ ಒರತೆ ಜಾಸ್ತಿ ಆಗಿರಬಹುದು, ಇಲ್ಲಾ ಹೊರಗೆ ಹೋಗೋ ಕಾಲುವೆ ಕಟ್ಟಿರಬಹುದು. ಯಾವುದು ಅಂತ ಗೊತ್ತಾಗ್ದೆ ಮಟ್ಟ ಒಂದನ್ನೇ ನೋಡಿ ಏನೂ ಹೇಳೋಕಾಗಲ್ಲ.

ಇನ್ನು ಆ ಪ್ರೋಟೀನ್‌ಗಳು ಯಾವುವು ಅಂತ. ಮುಖ್ಯವಾಗಿ ಎರಡು, ಟ್ರಾನ್ಸ್‌ಫೆರಿನ್ ಮತ್ತು ಫೆರಿಟಿನ್.

ಟ್ರಾನ್ಸ್‌ಫೆರಿನ್ ಸಾಗಿಸೋ ಗಾಡಿ. ಲಿವರ್‌ನಲ್ಲಿ ತಯಾರಾಗುತ್ತೆ, ಒಂದೊಂದು ಗಾಡೀಲಿ ಎರಡೇ ಎರಡು ಕಬ್ಬಿಣದ ಕಣಕ್ಕೆ ಜಾಗ. ನಮ್ಮ ಮೈಯಲ್ಲಿ ಒಟ್ಟು 3 ರಿಂದ 4 ಗ್ರಾಂ ಕಬ್ಬಿಣ ಇರುತ್ತೆ, ಹೆಚ್ಚಿನದು ಕೆಂಪು ರಕ್ತಕಣದೊಳಗೇ, ಆದ್ರೆ ಯಾವುದೇ ಕ್ಷಣದಲ್ಲಿ ಈ ಗಾಡಿಗಳ ಮೇಲೆ ಓಡಾಡ್ತಿರೋದು ಬರೀ 3 ಮಿಲಿಗ್ರಾಂ ಅಷ್ಟು. ಅಷ್ಟು ಕಮ್ಮಿ ಇದ್ರೂ ಮೂಳೆ ಮಜ್ಜೆಗೆ ದಿನಕ್ಕೆ 20 ರಿಂದ 25 ಮಿಲಿಗ್ರಾಂ ಮುಟ್ಟಿಸುತ್ತೆ, ಯಾಕಂದ್ರೆ ಗಾಡಿಗಳು ಬಿಡುವಿಲ್ದೆ ತಿರುಗ್ತಾ ಇರ್ತವೆ. 120 ದಿನ ಬದುಕಿ ಮುದಿಯಾದ ಕೆಂಪು ಕಣಗಳನ್ನ ಗುಲ್ಮ ಮತ್ತೆ ಲಿವರ್‌ನಲ್ಲಿರೋ ದೊಡ್ಡ ಕಣಗಳು ನುಂಗಿ ಕಬ್ಬಿಣ ಬಿಡಿಸಿ ಕೊಡ್ತವೆ, ಗಾಡಿ ಅದನ್ನ ಹೇರ್ಕೊಂಡು ಹೋಗುತ್ತೆ. ಊಟದಿಂದ ಹೊಸದಾಗಿ ಒಳಗೆ ಬರೋದು ದಿನಕ್ಕೆ 1 ರಿಂದ 2 ಮಿಲಿಗ್ರಾಂ ಮಾತ್ರ. ಹಂಗಾಗಿ ರಕ್ತ ಸೋರಿ ಹೋದ್ರೆ ತುಂಬಿಸ್ಕೊಳೋದು ಅಷ್ಟು ಕಷ್ಟ.

ಇಳಿಸೋ ರೀತಿ ನೋಡಿದ್ರೆ ನಂಗೆ ಈಗ್ಲೂ ಖುಷಿ ಆಗುತ್ತೆ. ಅಡಿಕೆ ಮೂಟೆ ಹೇರಿದ ಪಿಕಪ್ ಮಂಡಿಯ ಗೇಟೊಳಗೆ ಹೋಗುತ್ತಲ್ಲ, ಅದೇ ತರ, ಜೀವಕೋಶದ ಬಾಗಿಲಲ್ಲಿ ಇದಕ್ಕೇ ಅಂತ ಒಂದು ರಿಸೆಪ್ಟರ್ ಇದೆ, ತುಂಬಿದ ಗಾಡಿ ಅದಕ್ಕೆ ಕಚ್ಕೊಂಡ ತಕ್ಷಣ ಗಾಡಿ ಸಮೇತ ಒಳಗೆ ಎಳ್ಕೊಳ್ಳುತ್ತೆ. ಒಳಗೆ ಒಂದು ಸಣ್ಣ ಚೀಲ, ಅದ್ರಲ್ಲಿ ಹುಳಿ ಏರುತ್ತೆ, ಪಿಎಚ್ ಸುಮಾರು 5.5ಕ್ಕೆ ಇಳಿಯುತ್ತೆ, ಆ ಹುಳಿಗೆ ಕಬ್ಬಿಣ ಕಳಚಿ ಬೀಳುತ್ತೆ. ಖಾಲಿ ಗಾಡಿ ಮಾತ್ರ ರಿಸೆಪ್ಟರ್‌ಗೆ ಅಂಟ್ಕೊಂಡೇ ಇರುತ್ತೆ, ವಾಪಸ್ ಕೋಶದ ಮೇಲ್ಮೈಗೆ ಬಂದು ರಕ್ತದ 7.4 ಪಿಎಚ್ ತಾಗಿದ ಮೇಲೇ ಕೈ ಬಿಡುತ್ತೆ, ಮತ್ತೆ ಲೋಡಿಗೆ ಹೋಗುತ್ತೆ. ಇಷ್ಟಕ್ಕೂ ಹಿಡಿಯೋದು ಹತ್ತು ನಿಮಿಷ ಆಸುಪಾಸು. ಅಂದ್ರೆ ಗಾಡಿ ಮೇಲಿರೋ ಕಬ್ಬಿಣದಲ್ಲಿ ಅರ್ಧದಷ್ಟು ಒಂದರಿಂದ ಒಂದೂವರೆ ಗಂಟೇಲಿ ರಕ್ತದಿಂದ ಖಾಲಿ, ಆದ್ರೆ ಗಾಡಿ ಅರ್ಧಕ್ಕೆ ಇಳಿಯೋಕೆ 8 ರಿಂದ 10 ದಿನ ಬೇಕು.

ಇದ್ರಿಂದ ನಿಮಗೆ ಎಂತ ಉಪಯೋಗ ಅಂದ್ರೆ, ರಿಪೋರ್ಟಲ್ಲಿ ಸೀರಮ್ ಐರನ್ ಅಂತ ಒಂದು ಸಾಲು ಇರುತ್ತಲ್ಲ, ಅದು ಗಂಟೆ ಗಂಟೆಗೂ ಬದಲಾಗೋ ನಂಬರ್. ಬೆಳಿಗ್ಗೆ ಒಂದು, ಸಂಜೆ ಒಂದು, ಐರನ್ ಮಾತ್ರೆ ನುಂಗಿ ಬಂದ್ರೆ ಇನ್ನೊಂದು. ಅದೊಂದನ್ನೇ ನೋಡಿ ಯಾರಾದ್ರೂ ಏನಾದ್ರೂ ಹೇಳಿದ್ರೆ ಒಪ್ಕೋಬೇಡಿ. ಕೆಳಗೆ ಟಿಐಬಿಸಿ ಅಂತ ಇರುತ್ತೆ, ಅದು ಗಾಡಿಗಳಲ್ಲಿ ಒಟ್ಟು ಎಷ್ಟು ಜಾಗ ಇದೆ ಅಂತ ಹೇಳೋದು, ಅದು ಅಷ್ಟು ಬೇಗ ಅಲ್ಲಾಡಲ್ಲ. ಸೀರಮ್ ಐರನ್ನನ್ನ ಟಿಐಬಿಸಿಯಿಂದ ಭಾಗಿಸಿ ನೂರರಿಂದ ಗುಣಿಸಿ, ಗಾಡಿ ಎಷ್ಟು ಪರ್ಸೆಂಟ್ ತುಂಬಿದೆ ಅಂತ ಬರುತ್ತೆ. 20 ರಿಂದ 45 ಇದ್ರೆ ಸಾಮಾನ್ಯ. ಕಬ್ಬಿಣ ಕಮ್ಮಿ ಆದಾಗ ಲಿವರ್ ಇನ್ನಷ್ಟು ಗಾಡಿ ರಸ್ತೆಗಿಳಿಸುತ್ತೆ, ಹೇರೋಕೆ ಮಾಲಿಲ್ಲ, ಹಂಗಾಗಿ ಟಿಐಬಿಸಿ ಮೇಲೆ ಹೋಗಿ ಪರ್ಸೆಂಟ್ ಕೆಳಗೆ ಬರುತ್ತೆ. ಗರ್ಭಿಣಿಯರಲ್ಲಿ ಟಿಐಬಿಸಿ ಹೆಂಗಿದ್ರೂ ಜಾಸ್ತಿ ಇರುತ್ತೆ. ಲಿವರ್ ಸೊರಗಿದ್ರೆ ಗಾಡಿ ತಯಾರಾಗೋದೇ ಕಮ್ಮಿ, ಕಿಡ್ನಿಯಿಂದ ಪ್ರೋಟೀನ್ ಸೋರ್ತಿದ್ರೆ ಗಾಡಿಯೇ ಮೂತ್ರದಲ್ಲಿ ಹೊರಟುಹೋಗುತ್ತೆ, ಮೂತ್ರ ನೊರೆನೊರೆ ಬರ್ತಿದ್ದು ಟಿಐಬಿಸಿ ತೀರಾ ಕೆಳಗಿದ್ರೆ ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು.

ಈಗ ಫೆರಿಟಿನ್, ಅತ್ತೆ ವಿಷಯದಲ್ಲಿ ಎಡವಟ್ಟಾಗಿದ್ದು ಇಲ್ಲೇ.

ಫೆರಿಟಿನ್ ಅಂದ್ರೆ ಕಣಜ. 24 ತುಂಡು ಸೇರಿ ಆದ ಒಂದು ಟೊಳ್ಳು ಉಂಡೆ, ಒಳಗೆ 4500ರ ತನಕ ಕಬ್ಬಿಣದ ಕಣ ತುಂಬಬಹುದು. 1937ರಲ್ಲಿ ಕುದುರೆಯ ಗುಲ್ಮದಿಂದ ಮೊದಲ ಸಲ ಬೇರ್ಪಡಿಸಿದ್ದು ಇದನ್ನ. ಕಣಜ ಇರೋದು ಕೋಶದ ಒಳಗೆ, ನಾವು ಸೂಜಿ ಚುಚ್ಚಿ ಅಳೆಯೋದು ರಕ್ತಕ್ಕೆ ಬಂದ ಒಂಚೂರನ್ನ. ಆರೋಗ್ಯವಾಗಿರೋರಲ್ಲಿ ಆ ಒಂಚೂರು ಒಳಗಿನ ದಾಸ್ತಾನಿಗೆ ಸರಿಯಾಗೇ ಇರುತ್ತೆ, ರಕ್ತದ ಫೆರಿಟಿನ್ 1 ಅಂತ ಬಂದ್ರೆ ಒಳಗೆ ಸುಮಾರು 8 ರಿಂದ 10 ಮಿಲಿಗ್ರಾಂ ಕಬ್ಬಿಣ ಅಂತ ಅಂದಾಜು. ರಿಪೋರ್ಟಲ್ಲಿ ನ್ಯಾನೋಗ್ರಾಂ ಪರ್ ಎಂಎಲ್ ಅಂತಿದ್ರೂ ಮೈಕ್ರೋಗ್ರಾಂ ಪರ್ ಲೀಟರ್ ಅಂತಿದ್ರೂ ನಂಬರ್ ಒಂದೇ, ಗಾಬರಿ ಆಗ್ಬೇಡಿ.

ಈ ಫೆರಿಟಿನ್ನನ್ನ ರಕ್ತದಿಂದ ತೆಗೆಯೋ ಕೆಲಸ ಮುಖ್ಯವಾಗಿ ಲಿವರ್‌ದು. ಅದ್ರಲ್ಲೂ ಎರಡು ವೇಗ ಇದೆ. ಕೋಶ ಒಡೆದು ಹಸಿಹಸಿಯಾಗಿ ರಕ್ತಕ್ಕೆ ಬಿದ್ದ ಫೆರಿಟಿನ್ ಇದ್ರೆ ಲಿವರ್ ಅದನ್ನ ಕೆಲವೇ ನಿಮಿಷದಲ್ಲಿ ಹಿಡಿದು ನುಂಗುತ್ತೆ, ಹತ್ತು ನಿಮಿಷ ಆಗೋದ್ರೊಳಗೆ ಅರ್ಧ ಮಾಯ. ಕೋಶ ತಾನಾಗೇ ಸಕ್ಕರೆಯ ಎಳೆ ಅಂಟಿಸಿ ಹೊರಗೆ ಬಿಟ್ಟ ಫೆರಿಟಿನ್ ಆದ್ರೆ ಲಿವರ್‌ಗೆ ಅಷ್ಟು ಸುಲಭಕ್ಕೆ ಸಿಗಲ್ಲ, ಅರ್ಧಕ್ಕೆ ಇಳಿಯೋಕೆ 30 ಗಂಟೆಯಷ್ಟು ಬೇಕು. ಸಾಮಾನ್ಯ ದಿನದಲ್ಲಿ ನಾವು ಟೆಸ್ಟಲ್ಲಿ ನೋಡೋದು ಹೆಚ್ಚಾಗಿ ಈ ಸಕ್ಕರೆ ಅಂಟಿದ್ದನ್ನೇ. ಕಾಮಾಲೆ ಆಗಿ ಲಿವರೇ ಪೆಟ್ಟು ತಿಂದಿದ್ರೆ ಒಂದು ಕಡೆ ಕೋಶ ಒಡೆದು ಫೆರಿಟಿನ್ ಸುರೀತಿರುತ್ತೆ, ಇನ್ನೊಂದು ಕಡೆ ಎತ್ತಿ ತೆಗೀಬೇಕಾದ್ದೂ ಅದೇ ಲಿವರ್, ಆವಾಗ ನಂಬರ್ ಸಾವಿರ ದಾಟೋದೂ ಇದೆ.

ಜ್ವರದಲ್ಲಿ ಎಂತ ಆಗುತ್ತೆ? ರೋಗಾಣುಗಳಿಗೂ ಬೆಳೆಯೋಕೆ ಕಬ್ಬಿಣ ಬೇಕು, ಹಂಗಾಗಿ ಸೋಂಕು ಬಂದ ಕೂಡ್ಲೇ ದೇಹ ಕಬ್ಬಿಣವನ್ನ ಬಚ್ಚಿಡೋಕೆ ಶುರು ಮಾಡುತ್ತೆ. ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಡುತ್ತೆ, ಅದು ಕೋಶಗಳಿಂದ ಕಬ್ಬಿಣ ಹೊರಗೆ ಹೋಗೋ ಬಾಗಿಲು ಹಾಕುತ್ತೆ, ಕರುಳಿನ ಬಾಗಿಲೂ ಸೇರಿ. ಜೊತೆಗೆ ಫೆರಿಟಿನ್ ತಯಾರಿಕೆ ಏರುತ್ತೆ, ಟ್ರಾನ್ಸ್‌ಫೆರಿನ್ ತಯಾರಿಕೆ ಇಳಿಯುತ್ತೆ. ದಾಸ್ತಾನು ಒಂದು ಕಾಳೂ ಹೆಚ್ಚಾಗಿರಲ್ಲ, ಫೆರಿಟಿನ್ ಮಾತ್ರ ಎರಡು ಪಟ್ಟು, ಐದು ಪಟ್ಟು ಆಗಿರುತ್ತೆ. ಡೆಂಗಿ, ಇಲಿ ಜ್ವರ, ನ್ಯುಮೋನಿಯಾ, ಯಾವುದಾದ್ರೂ ಅಷ್ಟೆ. ನಮ್ಮ ಕಡೆಯಂತೂ ಮಳೆಗಾಲದಲ್ಲಿ ಗದ್ದೆ ಕೆಸರಿನ ಜ್ವರ, ಚಳಿಗಾಲ ಕಳೀತಿದ್ದ ಹಾಗೆ ಉಣುಗಿನಿಂದ ಬರೋ ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆ ಆದಾಗಿಂದ ಅದರ ಭಯ ಇದ್ದೇ ಇದೆ, ವರ್ಷದಲ್ಲಿ ಜ್ವರ ಇಲ್ಲದ ತಿಂಗಳು ಯಾವುದು ಹೇಳಿ. ಹಂಗಾಗಿ ಮಲೆನಾಡಿನೋರು ಫೆರಿಟಿನ್ ಓದೋವಾಗ ಜ್ವರದ ತಾರೀಖನ್ನ ಪಕ್ಕದಲ್ಲಿ ಇಟ್ಕೊಂಡೇ ಓದ್ಬೇಕು ಅಂತ ನಾನು ಹೇಳೋದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೆ ಸರಿಯಾದ ಗೆರೆ ಹಾಕಿ ಕೊಟ್ಟಿದೆ. ಆರೋಗ್ಯವಾಗಿರೋ ದೊಡ್ಡೋರಲ್ಲಿ ಫೆರಿಟಿನ್ 15ಕ್ಕಿಂತ ಕಮ್ಮಿ ಇದ್ರೆ ಕೊರತೆ. ಸೋಂಕು ಅಥವಾ ಉರಿಯೂತ ಇದ್ದಾಗ 70ಕ್ಕಿಂತ ಕಮ್ಮಿ ಇದ್ರೇನೇ ಕೊರತೆ ಅಂತ ತಿಳೀಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಆ ಗೆರೆ 12, ಸೋಂಕಿದ್ರೆ 30. ಅತ್ತೆಯ 58 ಈಗ ಎಲ್ಲಿ ಬಂತು ನೋಡಿ. ಎಂಸಿವಿ 71 ಬೇರೆ, 80ರ ಮೇಲಿರಬೇಕಾದ್ದು, ಕೆಂಪು ಕಣ ಅಷ್ಟು ಸಣ್ಣಗಾಗೋಕೆ ತಿಂಗಳುಗಟ್ಟಲೆ ಬೇಕು, ಒಂದು ವಾರದ ಜ್ವರಕ್ಕೆ ಆಗಲ್ಲ.

ಹಂಗಾದ್ರೆ ಮಾಡೋದು ಹೇಗೆ. ಅರ್ಜೆಂಟ್ ಇಲ್ಲ ಅಂದ್ರೆ ಜ್ವರ ಪೂರ್ತಿ ಬಿಟ್ಟು ನಾಲ್ಕೈದು ವಾರ ಬಿಟ್ಕೊಂಡು ಟೆಸ್ಟ್ ಮಾಡಿಸಿ. 30 ಗಂಟೆಗೆ ಅರ್ಧ ಆಗೋದಾದ್ರೆ ಒಂದು ವಾರ ಸಾಕಲ್ವ ಅಂತ ಕೇಳಬಹುದು, ಜ್ವರ ಬಿಟ್ರೂ ಒಳಗಿನ ಉರಿಯೂತ ಅದೇ ದಿನ ನಿಲ್ಲಲ್ಲ, ತಯಾರಿಕೆ ನಡೀತಾ ಇರುತ್ತೆ, ಅದಕ್ಕೆ. ಕಾಯೋಕಾಗಲ್ಲ ಅಂದ್ರೆ ಫೆರಿಟಿನ್ ಜೊತೆ ಸಿಆರ್‌ಪಿ ಕೂಡ ಬರೆಸಿ, ಅದು ಜಾಸ್ತಿ ಬಂದ್ರೆ ಉರಿಯೂತ ಇನ್ನೂ ಇದೆ ಅಂತ, ಆವಾಗ 70ರ ಗೆರೆ ನೋಡಿ.

ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿ. ಹಿಂದಿನ ದಿನದ ಐರನ್ ಮಾತ್ರೆ ಬಿಡಿ, ಡಾಕ್ಟ್ರನ್ನ ಕೇಳ್ಕೊಂಡು. ಕೂದಲು ಉದುರೋದಕ್ಕೆ ಅಂತ ಬಯೋಟಿನ್ ತಗೊಳ್ತಿದ್ರೆ ಲ್ಯಾಬಲ್ಲಿ ಹೇಳಿ, ಕೆಲವು ಮಷಿನ್‌ನಲ್ಲಿ ಅದು ಫೆರಿಟಿನ್ ಲೆಕ್ಕ ಕೆಡಿಸುತ್ತೆ. ಐರನ್ ಡ್ರಿಪ್ ಹಾಕಿಸ್ಕೊಂಡಿದ್ರೆ ಕಮ್ಮಿ ಅಂದ್ರೂ ನಾಲ್ಕು ವಾರ ಫೆರಿಟಿನ್ ಮುಟ್ಟೋಕೆ ಹೋಗ್ಬೇಡಿ, ಸುಮ್ನೆ ದುಡ್ಡು ದಂಡ.

ಇನ್ನೊಂದು, ಇದು ನಮ್ಮ ಟೇಬಲ್ ಮೇಲೆ ಮಾತ್ರ ಕಾಣೋದು. ರಕ್ತ ತೆಗೆದು ಅರ್ಧ ಗಂಟೆ ಹೆಪ್ಪುಗಟ್ಟೋಕೆ ಬಿಟ್ಟು ಟ್ಯೂಬನ್ನ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸ್ತೀವಿ, ಕೆಂಪು ಗಟ್ಟಿ ಕೆಳಗೆ ಕೂತು ಮೇಲೆ ಸೀರಮ್ ನಿಲ್ಲುತ್ತೆ, ತಿಳಿ ಹಳದಿ, ಬೆಳಕಿಗೆ ಹಿಡಿದ್ರೆ ಹಲಸಿನ ತೊಳೆಯ ಬಣ್ಣ. ನರ ಸಿಗದೆ ಎರಡು ಮೂರು ಸಲ ಚುಚ್ಚಿದ್ರೆ, ಸಿರಿಂಜ್ ಜೋರಾಗಿ ಎಳೆದ್ರೆ, ಕಣಗಳು ಒಡೆದು ಸೀರಮ್ ನೀರು ಬೆರೆಸಿದ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಬಣ್ಣಕ್ಕೆ ತಿರುಗಿರುತ್ತೆ. ಅಂಥ ಸ್ಯಾಂಪಲ್ಲಲ್ಲಿ ಐರನ್ ನೋಡಬಾರ್ದು. ನಾನು ಅಂಥದ್ದು ಬಂದ್ರೆ ಫೋನ್ ಮಾಡಿ ಮತ್ತೆ ಕರೆಸ್ತೀನಿ, ಜನ ಬೈಕೊಳ್ತಾರೆ, ಹೊಸನಗರದಿಂದ ಬಸ್ ಹಿಡಿದು ಬಂದೋರಿಗೆ ಮತ್ತೆ ಬನ್ನಿ ಅಂದ್ರೆ ಬೇಜಾರಾಗೋದು ಸಹಜ, ಆದ್ರೂ ಬನ್ನಿ. ರಿಪೋರ್ಟ್ ಕೆಳಗೆ ಹಿಮೊಲೈಸ್ಡ್ ಅಂತ ಸಣ್ಣ ಅಕ್ಷರದಲ್ಲಿ ಬರ್ದಿದ್ರೆ ಅದನ್ನ ತೋರಿಸಿ ಇನ್ನೊಂದು ಸಲ ರಕ್ತ ತೆಗೀರಿ ಅಂತ ಧೈರ್ಯವಾಗಿ ಕೇಳಿ.

ಫೆರಿಟಿನ್ ಜಾಸ್ತಿ ಬಂದೋರ ವಿಷಯ ಬೇಗ ಹೇಳಿ ಮುಗಿಸ್ತೀನಿ. 300, 400 ಅಂತ ಬಂದ ತಕ್ಷಣ ಮೈಯಲ್ಲಿ ಕಬ್ಬಿಣ ತುಂಬಿ ಹೋಗಿದೆ ಅಂತ ಹೆದರಿ ಸೊಪ್ಪು ಬಿಡೋರಿದಾರೆ, ಬೇಡ. ಗಾಡಿ ತುಂಬಿದ ಪರ್ಸೆಂಟ್ ನೋಡಿ, 45 ದಾಟಿದ್ರೆ ಡಾಕ್ಟ್ರು ಮುಂದಿನ ಪರೀಕ್ಷೆ ಮಾಡಿಸ್ಬೇಕು, ಅದು ಸಾಮಾನ್ಯ ಇದ್ರೆ ಫ್ಯಾಟಿ ಲಿವರ್, ಶುಗರ್, ಕುಡಿತ, ಉರಿಯೂತ, ಇಂಥದ್ದೇ ಕಾರಣ ಇರೋದು ಹೆಚ್ಚು.

ಹ್ಯಾಪ್ಟೋಗ್ಲೋಬಿನ್ ಅಂತ ಇನ್ನೊಂದು ಟೆಸ್ಟ್ ಕೆಲವರಿಗೆ ಬರೀತಾರೆ. ಅದು ಕಬ್ಬಿಣ ಹಿಡಿಯಲ್ಲ, ಒಡೆದ ಕಣದಿಂದ ಚೆಲ್ಲಿದ ಹಿಮೋಗ್ಲೋಬಿನ್ನನ್ನೇ ಇಡೀ ಹಿಡಿಯುತ್ತೆ, ಹಿಡಿದ ಮೇಲೆ ಆ ಜೋಡಿಯನ್ನ ನುಂಗೋ ಕಣಗಳು ನಿಮಿಷಗಳಲ್ಲೇ ಎತ್ತಿ ಹಾಕ್ತವೆ. ಹಂಗಾಗಿ ಅಲ್ಲಿ ನಂಬರ್ ತೀರಾ ಕೆಳಗಿದ್ರೆ ರಕ್ತಕಣ ಎಲ್ಲೋ ಒಡೀತಿದೆ ಅಂತ ಗುಮಾನಿ.

ಮೊನ್ನೆ ಒಬ್ರು ಗಿಣ್ಣು ತಿಂದ್ರೆ ಐರನ್ ಏರುತ್ತಾ ಅಂತ ಕೇಳಿದ್ರು, ಅವ್ರ ಮಲೆನಾಡು ಗಿಡ್ಡ ಕರು ಹಾಕಿತ್ತು. ಗಿಣ್ಣು ಹಾಲಲ್ಲಿ ಲ್ಯಾಕ್ಟೋಫೆರಿನ್ ಅನ್ನೋ ಕಬ್ಬಿಣ ಹಿಡಿಯೋ ಪ್ರೋಟೀನ್ ಮಾಮೂಲಿ ಹಾಲಿಗಿಂತ ತುಂಬಾ ಜಾಸ್ತಿ ಇರೋದು ನಿಜ, ಅದರ ಕೆಲಸ ಕರುವಿನ ಹೊಟ್ಟೇಲಿ ರೋಗಾಣುಗಳಿಗೆ ಕಬ್ಬಿಣ ಸಿಗದ ಹಾಗೆ ನೋಡ್ಕೊಳೋದು. ನಮ್ಮ ಕಣ್ಣೀರಲ್ಲೂ ಬಿಳಿ ರಕ್ತಕಣದಲ್ಲೂ ಅದಿದೆ, ರಕ್ತಕ್ಕೆ ಬಂದ್ರೆ ಲಿವರ್ ನಿಮಿಷಗಳಲ್ಲಿ ಖಾಲಿ ಮಾಡುತ್ತೆ. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಹೊಟ್ಟೆ ತುಂಬಾ ತಿನ್ನಿ, ಐರನ್ ಮಾತ್ರೆ ಬದ್ಲಿಗೆ ಅಂತ ಮಾತ್ರ ತಿನ್ಬೇಡಿ, ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರೋದನ್ನ ತಡೆಯುತ್ತೆ ಬೇರೆ.

ಕೊರತೆ ಅಂತ ಖಾತ್ರಿ ಆದ್ರೆ ಮೊದಲು ರಕ್ತ ಎಲ್ಲಿ ಹೋಗ್ತಿದೆ ಅಂತ ಹುಡುಕಿ. ಹೆಂಗಸರಲ್ಲಿ ಮುಟ್ಟು, ಅದನ್ನ ಬಾಯಿ ಬಿಟ್ಟು ಹೇಳಲ್ಲ ನಮ್ಮೋರು. ಮೂಲವ್ಯಾಧಿ, ನೋವಿನ ಮಾತ್ರೆ ತಿಂದು ಹೊಟ್ಟೇಲಿ ಆದ ಹುಣ್ಣು, ತೋಟದಲ್ಲಿ ಬರಿಗಾಲಲ್ಲಿ ಓಡಾಡೋರಿಗೆ ಕೊಕ್ಕೆಹುಳ, ಅದು ಪಾದದ ಚರ್ಮದಿಂದಲೇ ಒಳಗೆ ಹೋಗಿ ಕರುಳಲ್ಲಿ ಕೂತು ರಕ್ತ ಹೀರುತ್ತೆ. ವಯಸ್ಸಾದ ಗಂಡಸರಿಗೆ ಕೊರತೆ ಬಂದ್ರೆ ಹೊಟ್ಟೆ ಕರುಳು ನೋಡಿಸದೆ ಬಿಡ್ಬೇಡಿ. ಎಂಸಿವಿ ಕಮ್ಮಿ ಇದ್ದು, ಜ್ವರ ಇಲ್ಲದಾಗ್ಲೂ ಫೆರಿಟಿನ್ ಚೆನ್ನಾಗೇ ಇದ್ರೆ ಅದು ತಲಸ್ಸೇಮಿಯಾ ಮೈನರ್ (ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರೋ ರಕ್ತದ ತೊಂದರೆ) ಇರಬಹುದು, ಅಂಥೋರು ವರ್ಷಗಟ್ಟಲೆ ಐರನ್ ನುಂಗಿ ಎಂತ ಪ್ರಯೋಜನವೂ ಇಲ್ಲ.

ಮಾತ್ರೆ ಖಾಲಿ ಹೊಟ್ಟೇಲಿ, ನಿಂಬೆ ಪಾನಕದ ಜೊತೆ. ಕಾಫಿ, ಟೀ, ಹಾಲು ಹಾಕಿದ ಕಷಾಯ ಎಲ್ಲಾ ಎರಡು ಗಂಟೆ ಆಚೆ. ಒಂದು ಡೋಸ್ ಆದ್ಮೇಲೆ ಹೆಪ್ಸಿಡಿನ್ ಒಂದು ದಿನ ಏರಿರುತ್ತೆ, ಅದಕ್ಕೇ ಕೆಲವರಿಗೆ ದಿನ ಬಿಟ್ಟು ದಿನ ಕೊಡ್ತಾರೆ, ನಿಮಗೆ ಹೇಗೆ ಅಂತ ಡಾಕ್ಟ್ರನ್ನ ಕೇಳಿ, ಗರ್ಭಿಣಿಯರು ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಹೇಳಿದ ಹಾಗೇ ತಗೊಳ್ಳಿ. ಮಲ ಕಪ್ಪಗಾಗುತ್ತೆ, ಅದಕ್ಕೆ ಹೆದರಿ ನಿಲ್ಲಿಸ್ಬೇಡಿ. ಹಿಮೋಗ್ಲೋಬಿನ್ ಸರಿ ಆದ್ಮೇಲೂ ಮೂರು ತಿಂಗಳು ಮುಂದುವರಿಸ್ಬೇಕು, ಹಿಮೋಗ್ಲೋಬಿನ್ ಮೊದ್ಲು ತುಂಬುತ್ತೆ, ಕಣಜ ಕೊನೆಗೆ.

ಅತ್ತೆಗೆ ಐದು ವಾರ ಬಿಟ್ಟು ನಾನೇ ರಕ್ತ ತೆಗೆದೆ. ಸೀರಮ್ ಐರನ್ 31, ಟಿಐಬಿಸಿ 462, ಭಾಗಿಸಿದ್ರೆ ಹತ್ರ ಹತ್ರ 7 ಪರ್ಸೆಂಟ್. ಫೆರಿಟಿನ್ 9. ಆವಾಗ ಕೇಳಿದ್ಮೇಲೆ ಮೆಲ್ಲಗೆ ಹೇಳಿದ್ರು, ಒಂದೂವರೆ ವರ್ಷದಿಂದ ಮುಟ್ಟು ಹತ್ತು ಹತ್ತು ದಿನ ಹೋಗ್ತಿದೆಯಂತೆ, "ಈ ವಯಸ್ಸಿಗೆ ಹಂಗೇ ಅಂತ ಮಾಡಿದ್ದೆ ಕೂಸೆ" ಅಂತ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಕಂಡಿತು, ಅದಕ್ಕೆ ಚಿಕಿತ್ಸೆ ನಡೀತಿದೆ. ಹೋದ ವಾರ ಹಿಮೋಗ್ಲೋಬಿನ್ 12.1, ಫೆರಿಟಿನ್ 27, ಸಿಆರ್‌ಪಿ ನಾರ್ಮಲ್. ಮಾತ್ರೆ ಇನ್ನೂ ಮೂರು ತಿಂಗಳು ಇದೆ, ಡಬ್ಬಿ ಮೇಲೆ ತಾರೀಖು ಬರೆದು ದೇವರ ಕೋಣೆ ಗೂಡಲ್ಲಿ ಇಟ್ಟಿದೀವಿ.